ಹಸಿವು ಹೋಯಿತು, ಚಪಲ ಎಲ್ಲಿ ಹೋದೀತು?

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಬೆಣ್ಣೆ ದೋಸೆಯ ವಾಸನೆಗೇ ಹೊಟ್ಟೆ ತೊಳೆಸುತ್ತದೆ ಅಂದರೆ ನಂಬುತ್ತೀರಾ? ನಮ್ಮಕ್ಕನಿಗೆ ಹೆಚ್ಚುಕಡಿಮೆ ಏಳು ತಿಂಗಳು ಹಾಗೇ ಆಗಿತ್ತು. ಹೆಂಚಿನ ಮೇಲೆ ಬೆಣ್ಣೆ ಕರಗುವ ಘಮ ಬಂದರೆ ಸಾಕು, ವೇಲ್ ಮೂಗಿಗೆ ಒತ್ತಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಅದಕ್ಕೂ ಮುಂಚೆ ಕೂತಲ್ಲೇ ನಾಲ್ಕು ದೋಸೆ ಮುಗಿಸಿ, ಮೇಲೊಂದು ಖಾಲಿ ದೋಸೆ ಹೇಳುತ್ತಿದ್ದವಳೂ ಅವಳೇ.

ನಡುವೆ ನಡೆದದ್ದು ತೂಕ ಇಳಿಸುವ ಶಸ್ತ್ರಚಿಕಿತ್ಸೆ. ಎರಡೂವರೆ ವರ್ಷದ ಹಿಂದಿನ ಮಾತು. ಆಗ ಅವಳಿಗೆ 26 ವರ್ಷ, ತೂಕ 118 ಕೆ.ಜಿ., ಎತ್ತರ ಐದು ಅಡಿ ಎರಡಿಂಚು. ಪಿಸಿಒಡಿ ಇತ್ತು, ಸಕ್ಕರೆ ಪ್ರಮಾಣ ಗಡಿ ಮುಟ್ಟಿತ್ತು, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳು. ವಾಕಿಂಗ್, ಡಯಟ್, ಬಿಸಿನೀರಿಗೆ ಜೇನುತುಪ್ಪ ಎಲ್ಲ ಮುಗಿದಿತ್ತು. ಹತ್ತು ಕೆ.ಜಿ. ಇಳಿದರೆ ಹದಿಮೂರು ಏರುತ್ತಿತ್ತು. ಈಗ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, 'ಎಷ್ಟು ಕೆ.ಜಿ. ಇಳಿದ್ಲು?' ಅವಳಿಗೆ ಈಗ ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಕುತೂಹಲ ಇರುವುದು ಅದರಲ್ಲೇ. ಅಕ್ಕ ಓದಿ, ಎರಡು ಕಡೆ ಗೀಚಿ, ಒಪ್ಪಿದ ಮೇಲೆಯೇ ಇದನ್ನು ಕಳಿಸುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅಕ್ಕ ಆಪರೇಷನ್ ಅಂದಾಗ ಅಮ್ಮ ಮೂರು ದಿನ ಅದನ್ನೇ ಹೇಳಿಕೊಂಡು ಅತ್ತಿದ್ದರು. ಆದರೆ ಅದು ಬೇರೆ, ಇದು ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ಅದು ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯಲ್ಲ. ಬೇರಿಯಾಟ್ರಿಕ್ ಎಂದು ಕರೆಯುವ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಕತ್ತರಿ ಆಡುವುದು ಜಠರದ ಮೇಲೆ, ಕೆಲವು ಬಗೆಗಳಲ್ಲಿ ಸಣ್ಣ ಕರುಳಿನ ಮೇಲೂ.

ಇದು ಇವತ್ತು ನಿನ್ನೆಯದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ 1966ರಲ್ಲೇ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ್ದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ತೂಕ ಏರಿಸಿಕೊಳ್ಳಲು ಒದ್ದಾಡುವುದನ್ನು ಗಮನಿಸಿ ಹೊಳೆದ ದಾರಿ ಅದು. ಅಕ್ಕನಿಗೆ ಮಾಡಿದ್ದು 'ಸ್ಲೀವ್'. ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆ ಮಾಡುತ್ತಾರೆ. ಶುರುವಿನಲ್ಲಿ ಅದರಲ್ಲಿ ಹಿಡಿಸುವುದು 100ರಿಂದ 150 ಎಂ.ಎಲ್. ಅಷ್ಟೇ. ಅಂದರೆ ಒಂದು ಸಣ್ಣ ಲೋಟ.

'ಓ, ಜಾಗ ಇಲ್ಲ, ಅದಕ್ಕೇ ತಿನ್ನಲ್ಲ' ಎಂದು ನಾನೂ ಅಂದುಕೊಂಡಿದ್ದೆ, ಓದಿದ ಮೇಲೆ ಗೊತ್ತಾಯಿತು, ಕಥೆ ಅಷ್ಟು ಸರಳವಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಘ್ರೆಲಿನ್ ಎಂಬ ಹಾರ್ಮೋನು ಪತ್ತೆ ಮಾಡಿದರು. ಊಟದ ಹೊತ್ತಿಗೆ ರಕ್ತದಲ್ಲಿ ಏರಿ 'ಹಸಿವಾಗಿದೆ' ಎಂದು ಮಿದುಳಿಗೆ ಹೇಳಿ ಕಳಿಸುವುದು ಇದು. ಇದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದ ಉಬ್ಬಿನಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದೂ ಅದೇ ಭಾಗವನ್ನು! ಇನ್ನೊಂದು ಕಡೆ ಆಹಾರ ಬೇಗ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ 'ಸಾಕು' ಎನ್ನುವ ಹಾರ್ಮೋನುಗಳು ಊಟದ ನಂತರ ಜೋರಾಗಿ ಏರುತ್ತವೆ. ಜಾಗ ಕಡಿಮೆ ಮಾಡಿದ್ದಷ್ಟೇ ಅಲ್ಲ, ಹೊಟ್ಟೆಗೂ ಮಿದುಳಿಗೂ ನಡೆಯುವ ಮಾತುಕತೆಯನ್ನೇ ಬದಲಾಯಿಸಿದ ಹಾಗೆ.

ಇದನ್ನು ಓದಿದ ದಿನ ನನಗೆ ಸಿಟ್ಟು ಬಂತು. ಹದಿನೈದು ವರ್ಷ ಮನೆಗೆ ಬಂದವರೆಲ್ಲ ಅವಳಿಗೆ ಹೇಳಿದ್ದು ಒಂದೇ, 'ಸ್ವಲ್ಪ ಬಾಯಿ ಕಟ್ಟಮ್ಮ'. ಬಾಯಿ ಕಟ್ಟುವುದು ಅಷ್ಟು ಸುಲಭವಾಗಿದ್ದರೆ, ಅದೇ ಹುಡುಗಿ ಅದೇ ಮನಸ್ಸಿನೊಂದಿಗೆ ಸೋಮವಾರ ಆಪರೇಷನ್ ಮಾಡಿಸಿಕೊಂಡು, ಮುಂದಿನ ಸೋಮವಾರ ಹಸಿವೇ ಇಲ್ಲದವಳಾಗಿದ್ದು ಹೇಗೆ? ಒಂದು ವಾರದಲ್ಲಿ ಅವಳ ಸಂಕಲ್ಪಶಕ್ತಿ ಏನೂ ಬೆಳೆದಿರಲಿಲ್ಲ.

ಅಲಾರಾಂ ಇಟ್ಟು ಊಟ

ಮೊದಲ ಎರಡು ವಾರ ಬರೀ ನೀರಿನಂಥ ಆಹಾರ. ಸೋಸಿದ ಬೇಳೆ ಕಟ್ಟು, ತೆಳು ಮಜ್ಜಿಗೆ, ಎಳನೀರು, ಪ್ರೋಟೀನ್ ಪುಡಿ ಕಲಸಿದ ಹಾಲು. ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಅಳೆದು ಗುಟುಕರಿಸುತ್ತಿದ್ದಳು. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗೆ ಬೇಯಿಸಿದ್ದು. ಮಾಮೂಲಿ ಊಟ ಅನ್ನುವುದು ತಟ್ಟೆಗೆ ಬರುವ ಹೊತ್ತಿಗೆ ಎರಡು ತಿಂಗಳು. ಆ ದಿನಗಳಲ್ಲಿ ಅವಳು ಹೇಳಿದ ಒಂದು ಮಾತು ಇನ್ನೂ ನೆನಪಿದೆ. 'ಹಸಿವೇ ಆಗ್ತಿಲ್ಲ ಕಣೋ. ಒಳಗಡೆ ಯಾರೋ ಇದ್ರು, ಈಗ ಇಲ್ಲ ಅನ್ಸುತ್ತೆ.' ಖುಷಿಯಿಂದ ಹೇಳಿದ ಮಾತಲ್ಲ ಅದು. ಊಟ ಮರೆತುಹೋಗದಿರಲಿ ಎಂದು ಮೊಬೈಲಿನಲ್ಲಿ ದಿನಕ್ಕೆ ಐದು ಅಲಾರಾಂ ಇಟ್ಟುಕೊಂಡಿದ್ದಳು.

ನಾಲಿಗೆಯೂ ಬದಲಾಯಿತು. ಮೂರು ಚಮಚ ಸಕ್ಕರೆಯ ಚಹಾ ಕುಡಿಯುತ್ತಿದ್ದವಳಿಗೆ ಅರ್ಧ ಚಮಚ ಹಾಕಿದರೂ ಪಾಯಸ ಕುಡಿದ ಹಾಗೆ. ಎಣ್ಣೆ ಪದಾರ್ಥ ಬಾಯಿಗಿಟ್ಟರೆ ನಾಲಿಗೆ ಮೇಲೆ ಮೇಣ ಬಳಿದ ಹಾಗೆ ಅನ್ನುತ್ತಿದ್ದಳು. ಬದಲಿಗೆ ಹುಳಿ ಬೇಕೆನಿಸುತ್ತಿತ್ತು. ನಿಂಬೆಹಣ್ಣಿನ ಸಾರು, ಹುಳಿ ಮಜ್ಜಿಗೆ. ಇದು ನಮ್ಮಕ್ಕನೊಬ್ಬಳ ವಿಚಿತ್ರವೇನೂ ಅಲ್ಲ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಹಳ ಜನ ಸಿಹಿ ಮತ್ತು ಜಿಡ್ಡಿನ ಮೇಲಿನ ಆಸೆ ಕಡಿಮೆಯಾಯಿತು ಎನ್ನುತ್ತಾರೆ. ಕೆಲವರಿಗೆ ಮಾಂಸದ ವಾಸನೆ ಆಗುವುದಿಲ್ಲ, ಕೆಲವರಿಗೆ ಏನೂ ಬದಲಾಗುವುದಿಲ್ಲ. ರುಚಿಯಾದ ತಿಂಡಿ ಕಂಡಾಗ ಮಿದುಳಿನಲ್ಲಿ ಏಳುವ ಉತ್ಸಾಹವೇ ಈ ಅವಧಿಯಲ್ಲಿ ಮಂಕಾಗುವುದನ್ನು ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದ್ದಾರೆ. ಜಿಂಕ್ ಕೊರತೆಯಾದರೂ ರುಚಿ ಕೆಡುತ್ತದೆ, ಹಾಗಾಗಿ ಎಲ್ಲವನ್ನೂ ಹಾರ್ಮೋನಿನ ತಲೆಗೇ ಕಟ್ಟುವಂತಿಲ್ಲ.

ದೇಹ ಕೋಲು ಹಿಡಿದು ಕಲಿಸುವ ಪಾಠವೂ ಒಂದಿದೆ. ನಾಲ್ಕನೇ ತಿಂಗಳಲ್ಲಿ ಒಂದು ಗೃಹಪ್ರವೇಶ. ಯಾರೋ ಕೈಗಿಟ್ಟ ಎರಡು ಪೇಡೆ ತಿಂದಳು. ಹದಿನೈದು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಹೊಸ ಮನೆಯ ಹೊಸ ಮಂಚದ ಮೇಲೆ ಮೊದಲು ಮಲಗಿದವಳು ನಮ್ಮಕ್ಕನೇ! ಇದಕ್ಕೆ 'ಡಂಪಿಂಗ್' ಎನ್ನುತ್ತಾರೆ. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದಾಗ ಆಗುವ ಫಜೀತಿ. ಬೈಪಾಸ್ ಮಾಡಿಸಿಕೊಂಡವರಲ್ಲಿ ಇದು ಹೆಚ್ಚು, ಸ್ಲೀವ್‌ನವರನ್ನೂ ಬಿಡುವುದಿಲ್ಲ. ಅದಾದ ಮೇಲೆ ಪೇಡೆ ನೋಡಿದರೆ ಅವಳ ಮುಖ ಸಣ್ಣಗಾಗುತ್ತಿತ್ತು. ಇದನ್ನು ನಿಗ್ರಹ ಅನ್ನುತ್ತೀರೋ, ಭಯ ಅನ್ನುತ್ತೀರೋ?

ಮುದ್ದೆ ಅಗಿಯುವವಳು

ತಿನ್ನುವ ರೀತಿಯಂತೂ ತಲೆಕೆಳಗಾಯಿತು. ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನವೋ ರೊಟ್ಟಿಯೋ. ನಮ್ಮ ತಟ್ಟೆಯನ್ನು ಮಗುಚಿ ಹಾಕಿದ ಹಾಗೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೋಗಬೇಕು ಅಂದರು ಡಯಟೀಷಿಯನ್. ಮೊಟ್ಟೆಯೂ ಇಲ್ಲದ ಮನೆ ನಮ್ಮದು. ಒಂದು ಬಟ್ಟಲು ಮೊಸರಿನಲ್ಲಿ ಸಿಗುವುದು ಐದಾರು ಗ್ರಾಂ. ಅಮ್ಮ ಪನೀರು, ಮೊಳಕೆ ಹೆಸರುಕಾಳು, ಸೋಯಾ, ಶೇಂಗಾ ಎಂದು ಗೋಡೆ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆಯತೊಡಗಿದರು. ಹತ್ತನೇ ಕ್ಲಾಸು ಮುಗಿಸದ ಅಮ್ಮನಿಗೆ ಈಗ ಯಾವ ಕಾಳಿನಲ್ಲಿ ಎಷ್ಟು ಗ್ರಾಂ ಅನ್ನುವುದು ಬಾಯಿಪಾಠ.

ಊಟದ ನಡುವೆ ನೀರು ಕುಡಿಯುವಂತಿಲ್ಲ, ಮುಗಿಸಿದ ಮೇಲೂ ಅರ್ಧ ಗಂಟೆ ಬಿಡಬೇಕು. ಒಂದೊಂದು ತುತ್ತನ್ನೂ ಇಪ್ಪತ್ತು-ಇಪ್ಪತ್ತೈದು ಸಲ ಅಗಿಯಬೇಕು. ಇಲ್ಲೇ ಬಂತು ಮುದ್ದೆಯ ಕಷ್ಟ. ಮುದ್ದೆ ನುಂಗಬೇಕೇ ಹೊರತು ಅಗಿಯಬಾರದು ಎನ್ನುವುದು ನಮ್ಮಜ್ಜಿಯ ಕಾನೂನು. ಆದರೆ ಆ ಕೊಳವೆಯಂಥ ಜಠರಕ್ಕೆ ಇಡೀ ತುತ್ತು ನುಂಗಿದರೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ ನೋವು, ಕೊನೆಗೆ ವಾಂತಿ. ಮೆತ್ತಗಿನ ಬ್ರೆಡ್ಡು, ಬಿಸಿ ಚಪಾತಿ, ಅಂಟುವ ಅನ್ನದ್ದೂ ಇದೇ ತಂಟೆ. ಕಟಕಟ ಅನ್ನುವ ಜೋಳದ ರೊಟ್ಟಿಯೇ ವಾಸಿ, ಅಗಿಯದೆ ಗತಿಯಿಲ್ಲವಲ್ಲ. ಅಕ್ಕ ಮುದ್ದೆಯನ್ನು ಗೋಲಿಯಷ್ಟು ಮುರಿದು ಸಾರಿನಲ್ಲಿ ಅದ್ದಿ ಅಗಿಯುತ್ತಾ ಕೂತರೆ ಅಜ್ಜಿ ನೋಡಲಾಗದೆ ಎದ್ದು ಹೊರಗೆ ಹೋಗುತ್ತಿದ್ದರು. ನಾವು ಕೈ ತೊಳೆದು, ಟಿ.ವಿ. ನೋಡಿ, ಚಾಪೆ ಹಾಸುವ ಹೊತ್ತಿಗೂ ಅವಳ ಬಟ್ಟಲು ಅರ್ಧವೇ ಆಗಿರುತ್ತಿತ್ತು.

ಮನೆಯಲ್ಲಿ ಹೇಗೋ ನಡೆಯುತ್ತದೆ. ಪಂಕ್ತಿಯಲ್ಲಿ? ಬಡಿಸುವವರ ಪ್ರೀತಿ ನಿಮಗೆ ಗೊತ್ತೇ ಇದೆ. 'ಒಂದೇ ಹೋಳಿಗೆ ತಗೊಳ್ಳವ್ವಾ, ಏನಾಗಲ್ಲ' ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಇಳಿಸಿ ಹೋಗುತ್ತಾರೆ. ಎಲೆಯಲ್ಲಿ ಅನ್ನ ಬಿಡಬಾರದು ಎಂದು ಕಲಿಸಿ ಬೆಳೆಸಿದ ಹುಡುಗಿ, ಮುಕ್ಕಾಲು ಎಲೆ ಬಿಟ್ಟು ಏಳಬೇಕು. ಮೊದಮೊದಲು ಅತ್ತಳು. ಈಗ 'ಸಣ್ಣ ಮಕ್ಕಳ ತಟ್ಟೆ ಕೊಡಿ' ಎಂದು ಕೇಳಿಬಿಡುತ್ತಾಳೆ.

ಹೆಣ್ಣು ನೋಡಲು ಬಂದವರದ್ದು ಇನ್ನೊಂದು ಕಥೆ. ಹಿಂದೆ ಒಬ್ಬರು, 'ಹುಡುಗಿ ಮೈಕೈ ಜಾಸ್ತಿ' ಎಂದು ಬ್ರೋಕರ್ ಹತ್ತಿರ ಹೇಳಿ ಕಳಿಸಿದ್ದರು. ಆಪರೇಷನ್ ಆಗಿ ಒಂದು ವರ್ಷಕ್ಕೆ ಬೇರೊಬ್ಬರು ಬಂದರು. ಅಕ್ಕ ಉಪ್ಪಿಟ್ಟು ಎರಡು ಚಮಚ ತಿಂದು ತಟ್ಟೆ ಪಕ್ಕಕ್ಕಿಟ್ಟಳು. ಹುಡುಗನ ತಾಯಿ ಹೋಗುವಾಗ ಅಮ್ಮನನ್ನು ಬಾಗಿಲ ಬಳಿ ಕರೆದು ಕೇಳಿದರಂತೆ, 'ಹುಡುಗಿ ಸರಿಯಾಗಿ ಊಟ ಮಾಡಲ್ವಾ? ಏನಾದ್ರೂ ಕಾಯಿಲೆನಾ?' ತಿಂದರೂ ಕಷ್ಟ, ಬಿಟ್ಟರೂ ಕಷ್ಟ. ನಾವಿಬ್ಬರೂ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದೆವು.

ಮಂಡಕ್ಕಿ ವಾಪಸ್ ಬಂತು

ಹದಿನಾಲ್ಕನೇ ತಿಂಗಳಿಗೆ ತೂಕ 74 ಕೆ.ಜಿ. ಸಕ್ಕರೆ ಸರಿಹೋಯಿತು, ಉಸಿರು ಕಟ್ಟುವುದು ನಿಂತಿತು. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಈ ವಿಷಯದಲ್ಲಿ ಯಾರೂ ಹೇಳದ ಅಧ್ಯಾಯ ಶುರುವಾಗುವುದೇ ಇಲ್ಲಿಂದ.

ಮೊದಲ ವರ್ಷ, ಒಂದೂವರೆ ವರ್ಷವನ್ನು ಡಾಕ್ಟರುಗಳೇ 'ಹನಿಮೂನ್' ಎನ್ನುತ್ತಾರಂತೆ. ಆಮೇಲೆ ರುಚಿ ನಿಧಾನಕ್ಕೆ ಮರಳುತ್ತದೆ, ಹಸಿವೂ ಸ್ವಲ್ಪ ಸ್ವಲ್ಪ ಮರಳುತ್ತದೆ, ದೇಹ ಹೊಸ ಜಠರಕ್ಕೆ ಹೊಂದಿಕೊಳ್ಳುತ್ತದೆ. ಅಕ್ಕ ಆ ಹೊತ್ತಿಗೆ ಖಾಸಗಿ ಕಂಪನಿಯ ಅಕೌಂಟ್ಸ್ ಕೆಲಸ ಬಿಟ್ಟು ಎಫ್‌ಡಿಎ ಪರೀಕ್ಷೆಗೆ ಓದಲು ಕೂತಿದ್ದಳು. ಓದುವವರಿಗೆ ಗೊತ್ತು, ರಾತ್ರಿ ಹತ್ತೂವರೆ ಆದರೆ ಕೈ ಏನನ್ನೋ ಹುಡುಕುತ್ತದೆ. ಅವಳ ಕೈಗೆ ಸಿಕ್ಕಿದ್ದು ನರ್ಗಿಸ್ ಮಂಡಕ್ಕಿ.

ದೋಸೆ ಎರಡು ತುತ್ತಿಗೆ ಸಾಕು ಅನ್ನಿಸುತ್ತದೆ. ಮಂಡಕ್ಕಿ ಹಾಗಲ್ಲ. ಬಾಯಲ್ಲಿ ಕರಗಿ, ಕೊಳವೆಯಲ್ಲಿ ಜಾರಿ, ಜಠರದಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಬಿಸ್ಕತ್ತು, ಚಿಪ್ಸು, ಐಸ್‌ಕ್ರೀಮು ಎಲ್ಲ ಇದೇ ಜಾತಿಯವು. ಹೊಟ್ಟೆ ತುಂಬಿತು ಅನ್ನುವ ಸುಳಿವೇ ಸಿಗದೆ ಎರಡು ಗಂಟೆ ಹೊತ್ತು ಒಂದೊಂದೇ ಹಿಡಿ ಹೋಗುತ್ತಿರುತ್ತದೆ. ಆಪರೇಷನ್ ಅಡ್ಡಿ ಮಾಡುವುದು ಒಮ್ಮೆಲೇ ಬಹಳ ತಿನ್ನುವುದಕ್ಕೆ. ಸ್ವಲ್ಪ ಸ್ವಲ್ಪ ಸದಾ ತಿನ್ನುವುದಕ್ಕೆ ಅದರ ಹತ್ತಿರ ಉತ್ತರವಿಲ್ಲ. ಎಂಟು ತಿಂಗಳಲ್ಲಿ 74 ಇದ್ದದ್ದು 80 ಆಯಿತು.

ಮತ್ತೆ ಶುರುವಾಯಿತು ನೋಡಿ. 'ಅಷ್ಟು ದುಡ್ಡು ಸುರಿದು ಏನು ಬಂತು?' 'ಹೊಟ್ಟೆ ಕೊಯ್ಸಿಕೊಂಡ್ರೂ ಬಾಯಿ ನಿಲ್ಲಲಿಲ್ವಲ್ಲ.' ನಮ್ಮ ಸೋದರಮಾವ ಇದನ್ನು ಅವಳ ಎದುರೇ ಹೇಳಿದರು. ಅಕ್ಕ ಮಾತಾಡಲಿಲ್ಲ, ಆ ರಾತ್ರಿ ಮಂಡಕ್ಕಿ ಡಬ್ಬಿ ಖಾಲಿಯಾಯಿತು. ಎರಡನೇ ವರ್ಷದ ನಂತರ ಇಳಿದ ತೂಕದಲ್ಲಿ ಒಂದಿಷ್ಟು ಮರಳಿ ಬರುವುದು ಬಹಳ ಸಾಮಾನ್ಯ, ಅದನ್ನು ಸೋಲು ಎಂದು ಯಾವ ಡಾಕ್ಟರೂ ಬರೆಯುವುದಿಲ್ಲ. ಮಾವನಿಗೆ ಹೇಳುವವರು ಯಾರು?

ಹಸಿವು ಹೊಟ್ಟೆಯದ್ದು, ಅದನ್ನು ಸರ್ಜನ್ ಕೈಯಿಂದ ಮುಟ್ಟಬಹುದು. ಚಪಲಕ್ಕೆ ಬೇರೆ ಬೇರೆ ಮನೆಗಳಿವೆ. ಓದಿದ್ದು ತಲೆಗೆ ಹತ್ತದಿದ್ದಾಗ, ಪಕ್ಕದವಳಿಗೆ ಕೆಲಸ ಸಿಕ್ಕ ಸುದ್ದಿ ಬಂದಾಗ, ನೋಟಿಫಿಕೇಷನ್ ಮುಂದಕ್ಕೆ ಹೋದಾಗ ಏಳುವ ಚಪಲಕ್ಕೆ ಯಾವ ಆಸ್ಪತ್ರೆಯಲ್ಲೂ ಕತ್ತರಿ ಇಲ್ಲ. ಆಪರೇಷನ್‌ಗೆ ಮುಂಚೆ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸಿದಾಗ ನಾವೆಲ್ಲ 'ಇದ್ಯಾಕೆ ಬೇಕಿತ್ತು' ಅಂದುಕೊಂಡಿದ್ದೆವು. ಈಗ ಅಕ್ಕ ತಾನಾಗಿಯೇ ಎರಡು ತಿಂಗಳಿಗೊಮ್ಮೆ ಹೋಗುತ್ತಾಳೆ.

ಹಾಸ್ಟೆಲ್ ಹುಡುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಊಟದ ಸುಖ ಕಳೆದುಕೊಂಡವರು ಅದನ್ನು ಬೇರೆ ಕಡೆ ಹುಡುಕುವುದುಂಟು, ಕುಡಿತದಲ್ಲೂ. ಜಠರ ಚಿಕ್ಕದಾದ ಮೇಲೆ ಮದ್ಯ ಸರ್ರನೆ ರಕ್ತಕ್ಕೇರುತ್ತದೆ. ಅಮೆರಿಕದಲ್ಲಿ ಸುಮಾರು ಎರಡು ಸಾವಿರ ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಎರಡನೇ ವರ್ಷದಲ್ಲಿ ಕುಡಿತದ ಸಮಸ್ಯೆ ಹೆಚ್ಚಿದ್ದು ಕಂಡಿತು, ಅದರಲ್ಲೂ ಬೈಪಾಸ್ ಆದವರಲ್ಲಿ.

ನನ್ನ ಕ್ಲಾಸಿನ ಒಬ್ಬ, 82 ಕೆ.ಜಿ. ಇದ್ದಾನೆ, ಅಕ್ಕನ ಹಳೇ ಫೋಟೊ, ಹೊಸ ಫೋಟೊ ನೋಡಿ 'ನಾನೂ ಮಾಡಿಸ್ಲಾ?' ಎಂದ. ಎತ್ತರ ಐದು ಅಡಿ ಹನ್ನೊಂದು! ನಿನಗೆ ಬೇಕಿರುವುದು ಆಪರೇಷನ್ ಅಲ್ಲ, ಮೆಟ್ಟಿಲು ಅಂದೆ. ಇದಕ್ಕೆ ಬಿಎಂಐ ಲೆಕ್ಕವಿದೆ. 35 ದಾಟಿದವರಿಗೆ ಶಸ್ತ್ರಚಿಕಿತ್ಸೆಯ ಸಲಹೆ ಮಾಡಬಹುದು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ 27.5ರಿಂದಲೇ ಯೋಚಿಸಬಹುದು ಎಂದಿದೆ. ವಿಮೆ ಕೊಡುವವರ ಲೆಕ್ಕ ಇನ್ನೂ ಬಿಗಿ. ವಯಸ್ಸು 18 ತುಂಬಿರಬೇಕು, ಬಿಎಂಐ 40 ಇರಬೇಕು, ಗಂಭೀರ ಕಾಯಿಲೆಗಳಿದ್ದರೆ 35. ಅಕ್ಕನದ್ದು 47 ಇತ್ತು.

2025ರಲ್ಲಿ ಮೌಂಜಾರೊ, ವೆಗೋವಿ ಎಂಬ ವಾರಕ್ಕೊಂದರ ಇಂಜೆಕ್ಷನ್‌ಗಳೂ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಮೇಲೆ ಹೇಳಿದ ಜಿಎಲ್‌ಪಿ-1 ಹಾರ್ಮೋನಿನ ಹಾಗೆ ನಟಿಸುವ ಔಷಧಗಳವು. ಹಸಿವು, ಚಪಲ ಎರಡನ್ನೂ ತಗ್ಗಿಸುತ್ತವೆ, ನಿಲ್ಲಿಸಿದರೆ ಬಹುಪಾಲು ಜನರಲ್ಲಿ ಎರಡೂ ಮರಳುತ್ತವೆ. ಡಾಕ್ಟರ ಚೀಟಿ ಇಲ್ಲದೆ ಯಾರದೋ ಮಾತು ಕೇಳಿ ಚುಚ್ಚಿಕೊಳ್ಳುವ ವಸ್ತುವಲ್ಲ.

ಅಕ್ಕನ ಈಗಿನ ದಿನಚರಿ ಹೀಗಿದೆ. ಬೆಳಿಗ್ಗೆ ಮಲ್ಟಿವಿಟಮಿನ್, ಹೊತ್ತು ಬಿಟ್ಟು ಕ್ಯಾಲ್ಸಿಯಂ, ಜೊತೆಗೆ ಕಬ್ಬಿಣಾಂಶ ಮತ್ತು ಬಿ12. ಇದು ಆಯುಷ್ಯ ಇರುವವರೆಗೂ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಉದುರಿದ್ದ ಕೂದಲು ಮತ್ತೆ ಬಂದಿದೆ. ಬೆಣ್ಣೆ ದೋಸೆಯ ವಾಸನೆ ಈಗ ಆಗುತ್ತದೆ. ಅರ್ಧ ದೋಸೆ, ಅದೂ ಪಲ್ಯದ ಬದಲು ಮನೆಯಿಂದ ಒಯ್ದ ಪನೀರಿನ ಜೊತೆ. ಹೋಟೆಲಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಿಕೊಳ್ಳಲಿ.

ಹಿಂದಿನ ತಪಾಸಣೆಯಲ್ಲಿ ಡಯಟೀಷಿಯನ್ ಬೈಯಲಿಲ್ಲ. ಮಂಡಕ್ಕಿ ಬಿಡು ಅನ್ನಲೂ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಕೊಟ್ಟರು. ಎಷ್ಟು ಹೊತ್ತಿಗೆ, ಏನು, ಹಸಿವಿತ್ತಾ, ಆಗ ಏನು ಮಾಡುತ್ತಿದ್ದೆ. ತಿನ್ನುವ ಮುಂಚೆ ಬರೆಯಬೇಕು, ಆಮೇಲಲ್ಲ. ಮೊದಲ ವಾರದ ಪುಟಗಳಲ್ಲಿ 'ಹಸಿವಿತ್ತಾ' ಕಾಲಂನಲ್ಲಿ ರಾತ್ರಿ ಹತ್ತರ ನಂತರ ಒಂದೇ ಒಂದು 'ಹೌದು' ಇಲ್ಲ. ಒಂದು ಕಡೆ ಹೀಗಿದೆ: 'ರಾತ್ರಿ 11.20. ಮಂಡಕ್ಕಿ. ಇಲ್ಲ. ಸಂವಿಧಾನದ ವಿಧಿಗಳು ತಲೆಗೆ ಹೋಗ್ತಿಲ್ಲ.'

ಮೊನ್ನೆ ಮಂಗಳವಾರದ ಪುಟ ತೋರಿಸಿದಳು. '11.40. ಏನೂ ಇಲ್ಲ. ಆಸೆ ಆಗಿತ್ತು. ಕರ್ನಾಟಕದ ನದಿಗಳು ಮುಗೀತು.' ಬುಧವಾರದ ಪುಟದಲ್ಲಿ ಮಂಡಕ್ಕಿ ಇದೆ, ಒಂದು ಹಿಡಿ ಎಂದು ಬರೆದು, ಹೊಡೆದು, ಎರಡು ಹಿಡಿ ಎಂದು ತಿದ್ದಿದ್ದಾಳೆ.